ಗೃಹೋದ್ಯಾನ: ಮೊದಲ ಗಿಡ ಯಾವುದಿರಬೇಕು?

ಮನೆಯೊಳಗೆ ಗಿಡ ಬೆಳೆಸಲು ಹೊಸದಾಗಿ ಹೊರಟವರು ಒಂದೆರಡು ತಿಂಗಳಲ್ಲಿಯೇ ಅದನ್ನು ಕಳೆದುಕೊಂಡು, “ನಮ್ಮ ಕೈಗುಣವೇ ಒಳ್ಳೆಯದಲ್ಲ” ಎಂದು ನಿರಾಶರಾಗುವುದುಂಟು. ದೋಷವು ಕೈಗುಣದ್ದಲ್ಲ, ಬಹುಮಟ್ಟಿಗೆ ಅತಿಯಾದ ನೀರಿನದು. ಬೇರಿಗೂ ಗಾಳಿ ಬೇಕು. ಮಣ್ಣು ಸದಾ ತೊಯ್ದಿದ್ದರೆ ಗಾಳಿಯಿಲ್ಲದೆ ಬೇರು ಕೊಳೆಯುವುದು, ಎಲೆ ಬಾಡುವುದು. ಅದನ್ನು ಬಾಯಾರಿಕೆಯೆಂದು ಬಗೆದು ನಾವು ಮತ್ತೆ ನೀರೆರೆಯುವೆವು!

ಆದುದರಿಂದ, ಮರೆತರೂ ಮುನಿಯದ ಗಿಡಗಳನ್ನೇ ಮೊದಲು ಆರಿಸತಕ್ಕದ್ದು. ಪಶ್ಚಿಮ ಆಫ್ರಿಕದಿಂದ ಬಂದ ಸ್ನೇಕ್ ಪ್ಲಾಂಟ್ ತನ್ನ ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದು. ಮಬ್ಬು ಬೆಳಕನ್ನೂ ಸಹಿಸುವುದು. ಮನಿ ಪ್ಲಾಂಟ್ ಬಳ್ಳಿಯ ಗೆಣ್ಣುಳ್ಳ ತುಂಡೊಂದನ್ನು ನೀರಿನ ಸೀಸೆಯಲ್ಲಿಟ್ಟರೂ ಬೇರೊಡೆಯುವುದು. ಬಿಸಿಲು ಬೀಳುವ ಕಿಟಕಿಯಿದ್ದವರಿಗೆ ಲೋಳೆಸರ ಲೇಸು.

ನೀರೆರೆಯುವ ಮುನ್ನ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನಲ್ಲಿ ಇಳಿಸಿ ನೋಡಿರಿ; ತೇವವಿದ್ದರೆ ಅಂದು ನೀರು ಬೇಡ. ಕುಂಡದ ತಳದಲ್ಲಿ ರಂಧ್ರವಿರಲಿ. ಕೆಳಗಿನ ತಟ್ಟೆಯಲ್ಲಿ ಸೋರಿ ನಿಂತ ನೀರನ್ನು ಚೆಲ್ಲಿಬಿಡಿರಿ. ಡೆಂಗೀ ಜ್ವರವನ್ನು ಹರಡುವ ಸೊಳ್ಳೆಗೆ ಅಷ್ಟು ನೀರೇ ಸಾಕು. ಸೀಸೆಯ ನೀರನ್ನೂ ವಾರಕ್ಕೊಮ್ಮೆ ತಪ್ಪದೆ ಬದಲಿಸಿರಿ.

ಇನ್ನೊಂದು ಎಚ್ಚರಿಕೆ: ಮನಿ ಪ್ಲಾಂಟಿನ ಎಲೆಯನ್ನು ಕೂಸು ಅಗಿದರೆ ಬಾಯಿ ಗಂಟಲುಗಳು ಉರಿದು ಊದಿಕೊಳ್ಳಬಹುದು. ಸ್ನೇಕ್ ಪ್ಲಾಂಟ್ ಕೂಡ ಹೊಟ್ಟೆಗೆ ಹೋಗತಕ್ಕದ್ದಲ್ಲ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಈ ಗಿಡಗಳನ್ನು ಕೈಗೆಟುಕದ ಎತ್ತರದಲ್ಲಿಡಬೇಕು.

ಒಂದೇ ಗಿಡದಿಂದ ಆರಂಭಿಸಿರಿ. ಅದು ಹೊಸ ಎಲೆ ಬಿಟ್ಟ ಮೇಲೆ ಎರಡನೆಯದನ್ನು ತರಬಹುದು.