ಕೋಟೆಯೂ ಶನಿವಾರವೂ

ಮುಂದಾಳುತನವೆಂಬ ಮಾತನ್ನು ವಿದ್ಯಾರ್ಥಿಗಳಾದ ನಾವು ಮೇಲಿಂದ ಮೇಲೆ ಕೇಳುತ್ತಿದ್ದೇವೆ. ವೇದಿಕೆಯ ಮೇಲೆ ನಿಂತು ನಿರರ್ಗಳವಾಗಿ ಮಾತನಾಡುವವನೇ ಮುಂದಾಳು ಎಂದು ನಮ್ಮಲ್ಲಿ ಅನೇಕರು ನಂಬಿರುವಂತೆ ತೋರುತ್ತದೆ. ಈ ನಂಬಿಕೆಯು ಸರಿಯಲ್ಲವೆಂಬುದನ್ನು ಮಹಾರಾಷ್ಟ್ರದ ಒಂದು ಕೋಟೆಯೂ, ಅದೇ ನಾಡಿನ ಒಂದು ಚಿಕ್ಕ ಜನಾಂಗವೂ ನಮಗೆ ತಿಳಿಸಿಕೊಡುತ್ತವೆ.

ಕೋಟೆಯೆಂದರೆ ದೌಲತಾಬಾದು, ಹಿಂದಿನ ದೇವಗಿರಿ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಸೇವುಣ ವಂಶದ ಐದನೆಯ ಭಿಲ್ಲಮನು ಅದನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡನು. ಈ ಅರಸರ ಶಾಸನಗಳಲ್ಲಿ ಅನೇಕವು ಕನ್ನಡದಲ್ಲಿರುವುದರಿಂದ ಆ ಸ್ಥಳವು ಕನ್ನಡಿಗರಿಗೆ ಪರಕೀಯವಲ್ಲ. ಇಂದು ನೋಡಹೋದವರಿಗೆ ಗೋಡೆಯಂತೆ ನೇರವಾಗಿ ಕಡಿದ ಬೆಟ್ಟದ ಬುಡವೂ, ಬಂಡೆಯಲ್ಲಿ ಕೊರೆದ ಕಂದಕವೂ, ಕಗ್ಗತ್ತಲೆಯ ಸುರಂಗದ ದಾರಿಯೂ ಕಾಣಸಿಗುತ್ತವೆ. ಆದರೂ ಅಲ್ಲಿಯ ಅರಸನಾದ ರಾಮಚಂದ್ರನು 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಗೆ ಮಣಿಯಬೇಕಾಯಿತು. ಮುತ್ತಿಗೆಯ ಕಾಲದಲ್ಲಿ ಧಾನ್ಯವೆಂದು ತಿಳಿದು ಅವಸರದಿಂದ ಒಳಗೆ ಸಾಗಿಸಿದ್ದ ಮೂಟೆಗಳನ್ನು ಬಿಚ್ಚಿದಾಗ, ಅವುಗಳಲ್ಲಿ ಉಪ್ಪು ತುಂಬಿತ್ತೆಂದು ಒಂದು ಹಳೆಯ ಕಥೆಯಿದೆ. ಕಥೆಯ ಸಾರವನ್ನು ನಾವು ಮರೆಯಬಾರದು. ಮೂಟೆಯನ್ನು ಬಿಚ್ಚಿ ನೋಡುವ ಸಣ್ಣ ಕೆಲಸವು ತನ್ನದೆಂದು ಅಷ್ಟು ಜನರಲ್ಲಿ ಒಬ್ಬನಾದರೂ ಎಣಿಸಲಿಲ್ಲ.

ಈಗ ಕೊಂಕಣದ ಕಡಲ ತೀರಕ್ಕೆ ಬರೋಣ. ಹಿಂದೆ ಹಡಗೊಡೆದು, ಅಲಿಬಾಗಿನ ಸಮೀಪದ ನವಗಾಂವದಲ್ಲಿ ದಡ ಸೇರಿದ ಏಳು ಗಂಡಸರು, ಏಳು ಹೆಂಗಸರ ಸಂತತಿ ತಾವೆಂದು ಬೆನೆ ಇಸ್ರೇಲರೆಂಬ ಯೆಹೂದಿಗಳು ಹೇಳಿಕೊಳ್ಳುತ್ತಾರೆ. ಅವರಿಗೆ ಕೋಟೆಯಿರಲಿಲ್ಲ, ಸೈನ್ಯವಿರಲಿಲ್ಲ. ಧರ್ಮಗ್ರಂಥಗಳೂ ಕೈತಪ್ಪಿ ಹೋಗಿದ್ದವು. ಅವರು ಗಾಣವಾಡಿಸಿ ಎಣ್ಣೆ ತೆಗೆದು ಬದುಕಿದರು. ಮರಾಠಿಯನ್ನೇ ಮನೆಮಾತಾಗಿ ಮಾಡಿಕೊಂಡರು. ಆದರೆ ಶನಿವಾರ ಬಂದಿತೆಂದರೆ ಗಾಣ ನಿಲ್ಲುತ್ತಿತ್ತು. ಆದುದರಿಂದಲೇ ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಹೀಗೆ ವಾರಕ್ಕೊಂದು ದಿನದ ನಿಯಮವನ್ನು ಪ್ರತಿಯೊಂದು ಮನೆಯೂ ತಪ್ಪದೆ ನಡೆಸಿಕೊಂಡು ಬಂದುದರಿಂದ ಒಂದು ಜನಾಂಗವು ಉಳಿಯಿತು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ ಬಿಡುಗಡೆ ಹೊಂದಿದ ಸ್ಯಾಮ್ಯುಯೆಲ್ ದಿವೇಕರರು 1796ರಲ್ಲಿ ಮುಂಬಯಿಯಲ್ಲಿ ಅವರ ಮೊದಲ ಪ್ರಾರ್ಥನಾಮಂದಿರವನ್ನು ಕಟ್ಟಿಸಿದರು. 1948ರ ಬಳಿಕ ಬಹುಮಂದಿ ಇಸ್ರೇಲಿಗೆ ತೆರಳಿದರು. ಭಾರತದಲ್ಲಿ ಉಳಿದವರು ಕೆಲವೇ ಸಾವಿರ.

ಇಂತಹ ಸಣ್ಣ ಸಂಖ್ಯೆಯವರು ತಮ್ಮ ಮಕ್ಕಳನ್ನು ಕಾದಿರಿಸಿದ ಜವಾಬ್ದಾರಿಗೆ ಬೇಗನೆ ಸಿದ್ಧಗೊಳಿಸುವುದು ಸಹಜವೇ. ಯೆಹೂದಿ ಬಾಲಕನು ಹದಿಮೂರು ವರ್ಷ ತುಂಬಿದೊಡನೆ ಧರ್ಮದ ಕಟ್ಟಳೆಗಳಿಗೆ ತಾನೇ ಹೊಣೆಗಾರನಾಗುತ್ತಾನೆ. ಅಮೆರಿಕದ ಓಮಾಹಾ ನಗರದಲ್ಲಿ 1924ರಲ್ಲಿ ಯೆಹೂದಿ ಹುಡುಗರು ಕಟ್ಟಿದ ಒಂದು ಸಂಘವು ಇಂದು ಅನೇಕ ದೇಶಗಳಿಗೆ ಹಬ್ಬಿದೆ. ಅದರ ಪದಾಧಿಕಾರಿಗಳನ್ನು ಹುಡುಗ ಹುಡುಗಿಯರೇ ಚುನಾಯಿಸುತ್ತಾರೆ. ಹಿರಿಯರು ಸಲಹೆಗಾರರಾಗಿ ಬದಿಯಲ್ಲಿರುತ್ತಾರೆ. ತನ್ನ ತರಗತಿಯಲ್ಲಿ ತಾನೊಬ್ಬನೇ ಯೆಹೂದಿಯಾಗಿ ಬೆಳೆದ ಬಾಲಕನು ಇಂತಹ ಕೂಟಕ್ಕೆ ಹೋದಾಗ ತನ್ನಂತಹವರು ನೂರಾರು ಮಂದಿ ಇರುವುದನ್ನು ಕಾಣುತ್ತಾನೆ. ಶುಕ್ರವಾರದ ಸಂಜೆ ದೀಪ ಹೊತ್ತಿಸುವಾಗ ಅವನು ಪ್ರೇಕ್ಷಕನಾಗಿ ಉಳಿಯುವುದಿಲ್ಲ. ಸಭೆ ನಡೆಸುವುದು, ಭಿನ್ನಾಭಿಪ್ರಾಯವನ್ನು ಸಹಿಸುವುದು, ಒಪ್ಪಿಕೊಂಡ ಕೆಲಸವನ್ನು ಮುಗಿಸುವುದು, ಇವು ಅವನ ಪಾಲಿಗೆ ಬರುತ್ತವೆ. ನಗರದಲ್ಲಿ ಕನ್ನಡ ಶಾಲೆಗೆ ಹೋಗುವ ನಮಗೆ ಆ ಬಾಲಕನ ಸಂತೋಷವೂ ಸಂಕೋಚವೂ ಅಪರಿಚಿತವಲ್ಲ.

ನಮ್ಮವರೇ ಒಟ್ಟುಗೂಡಿದರೆ ದೇಶದ ಐಕ್ಯಕ್ಕೆ ಕುಂದಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ಯೋಗ್ಯವಾದುದೇ. ಬೆನೆ ಇಸ್ರೇಲರ ಮುಂದಾಳು ಹಾಯಿಮ್ ಕೆಹೀಮಕರರು 1875ರಲ್ಲಿ ಮುಂಬಯಿಯಲ್ಲಿ ತಮ್ಮವರ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ಅಲ್ಲಿ ಹೀಬ್ರೂ ಭಾಷೆಯ ಜೊತೆಗೆ ನಾಡಿನ ನುಡಿಯಾದ ಮರಾಠಿಯನ್ನೂ ಕಲಿಸಿದರು. ಮುಂದೆ ಸರ್ ಎಲಿ ಕಡೂರಿ ಶಾಲೆಯೆಂದು ಹೆಸರಾದ ಆ ವಿದ್ಯಾಲಯದಲ್ಲಿ ಇಂದು ಕಲಿಯುವವರಲ್ಲಿ ಹೆಚ್ಚಿನವರು ಅನ್ಯಧರ್ಮದ ಮಕ್ಕಳೇ. ತನ್ನದನ್ನು ಪ್ರೀತಿಸಿ ಉಳಿಸಿಕೊಂಡವನು ನೆರೆಯವನಿಗೂ ಬಾಗಿಲು ತೆರೆಯಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಸೂಚನೆಯಿಷ್ಟೆ. ನಗರದ ಕನ್ನಡ ಶಾಲೆಗಳ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಬೇಕು; ಅದನ್ನು ವಿದ್ಯಾರ್ಥಿಗಳೇ ನಡೆಸಬೇಕು. ಸ್ಥಳವು ದೌಲತಾಬಾದೇ ಆದರೆ ಇನ್ನೂ ಒಳ್ಳೆಯದು. ಸೇವುಣರ ಚರಿತ್ರೆಯನ್ನು ಓದಿಬಂದ ವಿದ್ಯಾರ್ಥಿಯೊಬ್ಬನು ಕೋಟೆಯನ್ನು ಕನ್ನಡದಲ್ಲಿಯೂ, ಜೊತೆಗೆ ಬಂದ ಮರಾಠಿ ಗೆಳೆಯರಿಗೆ ಮರಾಠಿಯಲ್ಲಿಯೂ ವಿವರಿಸಲಿ. ಇನ್ನೊಬ್ಬನು ಖರ್ಚಿನ ಲೆಕ್ಕವಿಡಲಿ. ಮತ್ತೊಬ್ಬಳು ಅಡುಗೆಯ ಸಾಮಾನುಗಳನ್ನು ಎಣಿಸಿ ನೋಡಲಿ. ಭಾಷಣಗಳು ಸ್ವಲ್ಪ ಕಡಿಮೆಯಾದರೂ ನಷ್ಟವಿಲ್ಲ.

ಕಲ್ಲಿನಲ್ಲಿ ಕೊರೆದ ಕನ್ನಡವನ್ನು ಕಲ್ಲು ಕಾಯುತ್ತದೆ. ಮನೆಯಲ್ಲಿ ಆಡುವ ಕನ್ನಡವನ್ನು, ಓದುವ ಕನ್ನಡವನ್ನು ನಾವೇ ಕಾಯಬೇಕು. ದಿನಕ್ಕೊಂದು ಪುಟ ಓದುವುದು, ವಾರಕ್ಕೊಂದು ಕಾಗದವನ್ನು ಊರಿನ ಅಜ್ಜಿಗೆ ಬರೆಯುವುದು, ತಮ್ಮ ತಂಗಿಯರಿಗೆ ಅಕ್ಷರ ತಿದ್ದಿಸುವುದು, ಇಂತಹ ಯಾವುದಾದರೊಂದು ನಿಯಮವನ್ನು ನಮ್ಮಲ್ಲಿ ಪ್ರತಿಯೊಬ್ಬರೂ ಹಿಡಿದು, ಯಾರೂ ನೋಡದಿದ್ದರೂ ತಪ್ಪದೆ ನಡೆಸಿದರೆ, ಅದೇ ಮುಂದಾಳುತನದ ಮೊದಲ ಪಾಠವೆಂದು ನಾವು ನಂಬುತ್ತೇವೆ.