ಬ್ಯಾಟರಿಯ ಆಯಸ್ಸು, ಹೆಗಲಿನ ಭಾರ

ಆಗಸ್ಟ್ ಬಂತೆಂದರೆ ಊರಿನ ಬಂಧುಗಳ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪದು: ಮಗನೋ ಮಗಳೋ ಇಂಗ್ಲೆಂಡಿಗೆ ಓದಲು ಹೊರಟಿದ್ದಾರೆ, ಎಂಥ ಲ್ಯಾಪ್‌ಟಾಪ್ ಕೊಡಿಸಬೇಕು? ಉತ್ತರವನ್ನೂ ಅವರೇ ಸಿದ್ಧವಾಗಿಟ್ಟಿರುತ್ತಾರೆ: ದಪ್ಪಗಿದ್ದರೂ ಸರಿ, ಬ್ಯಾಟರಿ ದೊಡ್ಡದಿರಲಿ. ಕರೆಂಟ್ ಹೋಗುವುದನ್ನೇ ನೋಡುತ್ತ ಬೆಳೆದ ನಮ್ಮ ತಲೆಮಾರಿಗೆ ಈ ಎಚ್ಚರಿಕೆ ಸಹಜ. ಆದರೂ ನನ್ನ ಮತ ಹಗುರವಾದುದರ ಪರ.

ದೊಡ್ಡ ಬ್ಯಾಟರಿಯ ಯಂತ್ರ ಹೆಚ್ಚು ಹೊತ್ತು ನಡೆದೀತೆಂಬ ನಂಬಿಕೆ ಅರ್ಧಸತ್ಯ. ಬ್ಯಾಟರಿಯ ವ್ಯಾಟ್-ಅವರ್‌ಗಳನ್ನು ಯಂತ್ರ ಬಳಸುವ ವ್ಯಾಟ್‌ಗಳಿಂದ ಭಾಗಿಸಿದರೆ ಗಂಟೆಗಳ ಲೆಕ್ಕ ಸಿಗುತ್ತದೆ. 1.2 ಕೆ.ಜಿ.ಯ ಲ್ಯಾಪ್‌ಟಾಪಿನಲ್ಲಿ 55 ವ್ಯಾಟ್-ಅವರ್ ಇದ್ದು, ಓದು-ಬರಹಕ್ಕೆ 7 ವ್ಯಾಟ್ ಸಾಕಾದರೆ ಸುಮಾರು 8 ಗಂಟೆ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ 90 ವ್ಯಾಟ್-ಅವರ್ ಇದ್ದರೂ, ಅದೇ ಕೆಲಸಕ್ಕೆ 20 ವ್ಯಾಟ್ ಬೇಡಿದರೆ ನಾಲ್ಕೂವರೆ ಗಂಟೆಗೇ ಮುಗಿಯಿತು. ಅದರ ತೂಕವೋ ಎರಡೂವರೆ ಕೆ.ಜಿ.ಯ ಆಸುಪಾಸು, ಜೊತೆಗೆ ಇಟ್ಟಿಗೆಯಂಥ ಚಾರ್ಜರ್. ಹಲವು ವಿಮಾನಗಳಲ್ಲಿ ಕೈಚೀಲದ ಮಿತಿ 7 ಕೆ.ಜಿ. ಎಂಬುದನ್ನೂ ನೆನೆಯಿರಿ.

ಇಲ್ಲಿಯ ವಿದ್ಯಾರ್ಥಿ ನಡೆಯುತ್ತಾನೆ. ಬಾಡಿಗೆಯ ಕೋಣೆಯಿಂದ ಬಸ್ಸಿಗೆ, ಅಲ್ಲಿಂದ ತರಗತಿಗೆ, ಸಂಜೆ ಅರೆಕಾಲಿಕ ಕೆಲಸಕ್ಕೆ, ಬಹುಪಾಲು ಮಳೆಯಲ್ಲಿ. ಗ್ರಂಥಾಲಯಗಳಲ್ಲಿಯೂ ಅನೇಕ ರೈಲುಗಳಲ್ಲಿಯೂ ಪ್ಲಗ್ ಸಿಗುತ್ತದೆ. ಹೆಗಲಿನ ಭಾರವನ್ನು ಇಳಿಸಲು ಮಾತ್ರ ಮನೆಯನ್ನೇ ಸೇರಬೇಕು. ಕತ್ತು-ಬೆನ್ನು ನೋವೆಂದು ಬರುವ ತರುಣರನ್ನು ಚೀಲದಲ್ಲಿ ಏನೇನಿದೆಯೆಂದು ನಾನು ಕೇಳುವುದುಂಟು. ನೋವಿಗೆಲ್ಲ ಚೀಲವೇ ಕಾರಣವೆನ್ನಲಾರೆ; ಕೂರುವ ರೀತಿ, ನಿದ್ದೆ, ಮನಸ್ಸಿನ ಒತ್ತಡ ಎಲ್ಲವೂ ಸೇರಿರುತ್ತವೆ. ಆದರೆ ಇವುಗಳಲ್ಲಿ ಒಂದೇ ದಿನದಲ್ಲಿ ಬದಲಿಸಬಹುದಾದದ್ದು ಚೀಲದ ತೂಕ.

ವಾಸ್ತುಶಿಲ್ಪವನ್ನೋ ಚಲನಚಿತ್ರ ಸಂಕಲನವನ್ನೋ ಓದುವವರ ಮಾತು ಬೇರೆ; ಅವರಿಗೆ ಬಲಿಷ್ಠ ಯಂತ್ರವೇ ಬೇಕು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್‌ಗಳಿಗೆ ದಿನವಿಡೀ ಬಾಳುವ ಬ್ಯಾಟರಿ ಅಗತ್ಯ, ಆದರೆ ಅವರಲ್ಲಿ ಅನೇಕರ ಹೊರೆಯನ್ನು ಕಾರು ಹೊರುತ್ತದೆ.

ಉಳಿದವರಿಗೆ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಹಗುರ ಲ್ಯಾಪ್‌ಟಾಪ್ ಕೊಡಿಸಿ. ಜೊತೆಗೆ ಲ್ಯಾಪ್‌ಟಾಪಿಗೂ ಶಕ್ತಿ ಕೊಡಬಲ್ಲ 20,000 ಎಂಎಎಚ್‌ನ ಪವರ್ ಬ್ಯಾಂಕ್ ಇರಲಿ. ಅದು 74 ವ್ಯಾಟ್-ಅವರ್ ಆಗುತ್ತದೆ. ವಿಶೇಷ ಅನುಮತಿಯಿಲ್ಲದೆ ವಿಮಾನದಲ್ಲಿ ಒಯ್ಯಬಹುದಾದ ಮಿತಿ 100. ಅದನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. ದೂರದ ಪ್ರಯಾಣದ ದಿನ ಅದು ಜೊತೆಗಿರಲಿ, ಮಿಕ್ಕ ದಿನ ಕೋಣೆಯಲ್ಲೇ ಉಳಿಯಲಿ. ಲ್ಯಾಪ್‌ಟಾಪಿನ ಒಳಗೇ ಕೂರಿಸಿದ ದೊಡ್ಡ ಬ್ಯಾಟರಿಯನ್ನು ಹಾಗೆ ಬಿಟ್ಟುಹೋಗಲು ಬರುವುದಿಲ್ಲ.