ಪರದೆ ಬಂತು, ವಾಯಿದೆ ಹೋಗಲಿಲ್ಲ

ಕೋರ್ಟಿನಲ್ಲಿ “ಗೆದ್ದವನು ಸೋತ, ಸೋತವನು ಸತ್ತ” ಎಂದು ನಮ್ಮ ಹಿರಿಯರು ಆಡಿಟ್ಟ ಮಾತು ಎಲ್ಲರಿಗೂ ಗೊತ್ತು. ಆ ಕಾಲ ಹೋಯಿತು, ನ್ಯಾಯಾಲಯವೂ ಆಧುನಿಕವಾಯಿತು ಎಂದು ಈಗ ದಿನವೂ ಕೇಳುತ್ತೇವೆ. ಬದಲಾದದ್ದೇನು, ಬದಲಾಗದೆ ಉಳಿದದ್ದೇನು ಎಂಬುದನ್ನು ವೆಸ್ಟ್ ಮಾಂಬಲಂನಲ್ಲಿ ಮನೆ ಮಾಡಿಕೊಂಡು ಊರಿನ ಕೋರ್ಟಿಗೆ ಅಲೆಯುವ ಕನ್ನಡಿಗನ ಕಣ್ಣಿನಿಂದ ಒಮ್ಮೆ ನೋಡೋಣ.

ಒಂದು ಕಾಲದಲ್ಲಿ ಈ ಅಲೆದಾಟ ತಿರುಗುಮುರುಗಾಗಿತ್ತು. ಮದರಾಸು ಹೈಕೋರ್ಟು ಸ್ಥಾಪನೆಯಾದದ್ದು 1862ರಲ್ಲಿ. ಬಳ್ಳಾರಿಯವರು 1953ರವರೆಗೆ, ಮಂಗಳೂರು ಮತ್ತು ಕೊಳ್ಳೇಗಾಲದ ಕಡೆಯವರು 1956ರವರೆಗೆ ಮೇಲ್ಮನವಿಗಾಗಿ ಈ ಊರಿಗೇ ಬರಬೇಕಾಗಿತ್ತು. ರಾಜ್ಯಗಳ ಗಡಿ ಬದಲಾಯಿತು. ಈಗ ನಾವು ಇಲ್ಲಿಂದ ಅಲ್ಲಿಗೆ ಹೋಗುತ್ತೇವೆ. ಕೆಲಸ ಇಲ್ಲಿ, ಜಮೀನು ಅಲ್ಲಿ. ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದೇ.

ನನ್ನ ಮನೆಯದನ್ನೇ ಹೇಳುತ್ತೇನೆ. ನನ್ನ ತಾಯಿ ತನ್ನ ತಂದೆಯ ಆಸ್ತಿಯಲ್ಲಿ ಪಾಲು ಕೇಳಿ ಮೈಸೂರು ಸೀಮೆಯ ಒಂದು ಕೋರ್ಟಿನಲ್ಲಿ ದಾವೆ ಹೂಡಿದ್ದಾರೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ತಿದ್ದುಪಡಿ ಬಂದದ್ದು 2005ರಲ್ಲಿ. ಆ ದಿನ ತಂದೆ ಬದುಕಿರಲೇಬೇಕೆ ಎಂಬ ಪ್ರಶ್ನೆಗೆ, ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು ಖಚಿತವಾಗಿ ಹೇಳಿದ್ದು 2020ರ ಆಗಸ್ಟಿನಲ್ಲಿ. ಕಾನೂನು ಇತ್ಯರ್ಥವಾಯಿತು, ಅಮ್ಮನ ದಾವೆ ಇತ್ಯರ್ಥವಾಗಲಿಲ್ಲ. ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಇಳಿದು, ಬಸ್ಸು ಹಿಡಿದು, ಕೋರ್ಟಿನ ಜಗಲಿಯಲ್ಲಿ ಕೂತರೆ “ಎದುರು ಪಕ್ಷದ ವಕೀಲರಿಗೆ ಮೈಯಲ್ಲಿ ಸ್ವಸ್ಥವಿಲ್ಲ, ಮುಂದಿನ ವಾಯಿದೆ” ಎಂಬ ಒಂದು ಮಾತು. ಕೇಂದ್ರ ಸರ್ಕಾರದ ಗುಮಾಸ್ತನಿಗೆ ವರ್ಷಕ್ಕೆ 8 ದಿನ ಸಿ.ಎಲ್. ಅವೆಲ್ಲ ಈ ಒಂದು ಮಾತು ಕೇಳುವುದಕ್ಕೇ ಖರ್ಚಾಗಿವೆ.

ನಾನು ಬಿ.ಎಸ್ಸಿ. ಓದಿದವನು, ಯಂತ್ರದ ವಿರೋಧಿಯಲ್ಲ. ಆಗಿರುವ ಒಳ್ಳೆಯದನ್ನು ಒಪ್ಪಲೇಬೇಕು. ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಆರಂಭವಾಯಿತು. 2023ರಲ್ಲಿ ಅದರ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿ ಮಂಜೂರಾಯಿತು. ಹಿಂದೆ ಮುಂದಿನ ವಾಯಿದೆ ತಿಳಿಯಲು ವಕೀಲರ ಗುಮಾಸ್ತನಿಗೆ ಕಾಫಿ ಕೊಡಿಸಬೇಕಿತ್ತು. ಈಗ ಮೊಬೈಲಿನಲ್ಲೇ ಕಾಣುತ್ತದೆ. ಸಾಕ್ಷಿಯನ್ನು ವಿಡಿಯೋ ಮೂಲಕ ದಾಖಲಿಸಬಹುದೆಂದು ಸುಪ್ರೀಂ ಕೋರ್ಟು 2003ರಲ್ಲೇ ಹೇಳಿತ್ತು. ಕೊರೋನಾ ಬಂದಾಗ, 2020ರ ಏಪ್ರಿಲ್ 6ರ ಆದೇಶದಿಂದ, ದೇಶದ ಕೋರ್ಟುಗಳೆಲ್ಲ ಪರದೆಯ ಮುಂದೆ ಕೂತವು. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳೂ ಜಾರಿಯಲ್ಲಿವೆ; ಜಪ್ತಿಯನ್ನು ವಿಡಿಯೋದಲ್ಲಿ ದಾಖಲಿಸಬೇಕು, ವಿಚಾರಣೆಯನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಬಹುದು ಎಂದು ಅವು ಹೇಳುತ್ತವೆ.

ಆದರೆ ವಾಯಿದೆ? ವಿಚಾರಣೆ ನಡೆಯುವಾಗ ಒಬ್ಬ ಪಕ್ಷಗಾರನಿಗೆ 3ಕ್ಕಿಂತ ಹೆಚ್ಚು ವಾಯಿದೆ ಕೊಡಕೂಡದೆಂಬ ನಿಯಮ 2002ರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ. ನಮ್ಮ ಪಕ್ಕದ ಸೇಲಂ ವಕೀಲರ ಸಂಘ ಹೂಡಿದ ಪ್ರಕರಣದಲ್ಲಿ, 2005ರಲ್ಲಿ, ತೀರಾ ಅನಿವಾರ್ಯವಾದಾಗ ಈ ಮಿತಿ ಮೀರಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಅದು ನ್ಯಾಯವೇ. ಆದರೆ ಆ ಸಣ್ಣ ಕಿಂಡಿಯಲ್ಲಿ ಇಡೀ ಆನೆ ನುಗ್ಗಿತು. ಇಂದು ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳಲ್ಲಿ ಬಾಕಿಯಿರುವ ಪ್ರಕರಣಗಳು 4 ಕೋಟಿಗೂ ಹೆಚ್ಚು.

ನ್ಯಾಯಾಧೀಶರೇ ಸಾಲದಿದ್ದರೆ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಮಾತು ನಿಜ. 10 ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತು. ಇಂದಿಗೂ ಆ ಅರ್ಧ ಮುಟ್ಟಿಲ್ಲ. ಹಾಗಾದರೆ ಇರುವ ನ್ಯಾಯಾಧೀಶರ ಹೊತ್ತನ್ನು ವ್ಯರ್ಥ ವಾಯಿದೆಗಳಲ್ಲಿ ಕಳೆಯುವುದು ಇನ್ನೂ ದೊಡ್ಡ ತಪ್ಪಲ್ಲವೇ? ನಾನೂ ಫೈಲು ನೋಡುವವನೇ. ಕಂಪ್ಯೂಟರ್ ಬಂದ ಮಾತ್ರಕ್ಕೆ ಫೈಲು ಓಡುವುದಿಲ್ಲ, ತಡ ಮಾಡಿದವನನ್ನು ಕೇಳುವವರಿದ್ದರೆ ಓಡುತ್ತದೆ. ಸಕಾರಣವಿಲ್ಲದೆ ವಾಯಿದೆ ಕೇಳಿದವನು ಎದುರು ಪಕ್ಷದವನ ರೈಲು ಖರ್ಚನ್ನು ಅಂದೇ ಕಟ್ಟಲಿ. ಖರ್ಚು ಹಾಕುವ ಅಧಿಕಾರ ಕೋರ್ಟಿಗೆ ಈಗಲೂ ಇದೆ, ಬಳಸುವ ಮನಸ್ಸು ಬೇಕು.

ಇನ್ನು ಸಾಕ್ಷಿಯ ವಿಷಯ. ಅಮ್ಮನಿಗೆ 74 ವರ್ಷ, ಮಂಡಿನೋವು. ಇಲ್ಲಿಂದಲೇ ವಿಡಿಯೋ ಮೂಲಕ ಪಾಟೀಸವಾಲು ನಡೆಸಿರೆಂದು ಅರ್ಜಿ ಹಾಕಿದೆವು. ಆ ಅರ್ಜಿಯ ವಿಚಾರಣೆಗೇ ವಾಯಿದೆ ಬಿತ್ತು, ಮೂರು ಸಲ! ಕೊನೆಗೆ ಅಮ್ಮ “ಬೇಡ ಬಿಡಪ್ಪ, ನಾನೇ ಬಂದು ಹೇಳ್ತೀನಿ” ಎಂದು ಸೋತು ಹೊರಟರು. ಕೇಳಿದರೆ ಕೊಡಬಹುದು ಎಂಬ ಸೌಲಭ್ಯ ಹಕ್ಕಲ್ಲ, ದಯೆ. ನನ್ನ ತಕರಾರು ಇಲ್ಲಿದೆ.

ಸಾಕ್ಷಿಯ ಮುಖ ನೋಡದೆ ಸತ್ಯ ತಿಳಿಯುವುದು ಹೇಗೆ, ಪಕ್ಕದಲ್ಲಿ ಕೂತು ಯಾರಾದರೂ ಹೇಳಿಕೊಟ್ಟರೆ ಏನು ಗತಿ ಎಂದು ವಕೀಲರು ಕೇಳುತ್ತಾರೆ. ಸರಿಯಾದ ಶಂಕೆ. ಅದಕ್ಕಾಗಿಯೇ ಮನೆಯಿಂದ ಬೇಡ. ಚೆನ್ನೈಯ ಯಾವುದಾದರೂ ಕೋರ್ಟಿನ ಕೊಠಡಿಯಲ್ಲಿ, ಸಿಬ್ಬಂದಿಯೊಬ್ಬರ ಎದುರಿನಲ್ಲಿ ಸಾಕ್ಷಿ ಕೂರಲಿ. ಇದರಿಂದ ಭಾಷೆಯ ತೊಡಕೂ ತೀರುತ್ತದೆ. ದೂರದ ಸಾಕ್ಷಿಗೆ ಕಮಿಷನರನ್ನು ನೇಮಿಸುವ ದಾರಿ 1908ರ ಸಂಹಿತೆಯಿಂದಲೂ ಇದೆ. ಆದರೆ ಇಲ್ಲಿನ ಕಮಿಷನರಿಗೆ ಕನ್ನಡ ಬರಬೇಕಲ್ಲ! ಪರದೆಯಲ್ಲಾದರೆ ಅಮ್ಮ ಕನ್ನಡದಲ್ಲೇ ಹೇಳುತ್ತಾರೆ, ಅಲ್ಲಿನ ನ್ಯಾಯಾಧೀಶರು ಕನ್ನಡದಲ್ಲೇ ಕೇಳುತ್ತಾರೆ. ನಡುವೆ ಭಾಷಾಂತರಕಾರ ಬೇಕಿಲ್ಲ. ಹೊರನಾಡ ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನಾವುದು?

ಆದ್ದರಿಂದ ನಮ್ಮ ಸಂಘಕ್ಕೆ ನನ್ನ ವಿನಂತಿ: ಹಬ್ಬ, ಹರಿಕಥೆ, ನಾಟಕಗಳ ನಡುವೆ ಇದಕ್ಕೂ ಒಂದು ಸಂಜೆ ಇಡಿ. ಊರಿನಲ್ಲಿ ದಾವೆ ಇರುವ ಸದಸ್ಯರು ತಮ್ಮ ತಮ್ಮ ಪ್ರಕರಣದ ವರ್ಷ, ಬಿದ್ದ ವಾಯಿದೆಗಳ ಸಂಖ್ಯೆ ಬರೆದು ತರಲಿ. ಹೊರರಾಜ್ಯದಲ್ಲಿರುವ 60 ವರ್ಷ ದಾಟಿದ ಸಾಕ್ಷಿಗಳಿಗೆ ಹತ್ತಿರದ ಕೋರ್ಟಿನಿಂದ ವಿಡಿಯೋ ಸಾಕ್ಷ್ಯ ಹಕ್ಕಾಗಿ ಸಿಗಬೇಕೆಂದು ಕರ್ನಾಟಕ ಹೈಕೋರ್ಟಿಗೆ ಒಂದು ಮನವಿ ಕಳಿಸೋಣ. ಮೊದಲ ಸಹಿ ಅಮ್ಮನದು. ಮುಂದಿನ ತಿಂಗಳು ಅವರಿಗೆ ಮತ್ತೆ ವಾಯಿದೆ ಇದೆ. ಟಿಕೇಟು ಈಗಾಗಲೇ ತೆಗೆದಿದ್ದೇನೆ.